ದಾರಿಯಲ್ಲಿ ಕೇಳಿದ ಪಾಲು

ಅಂದು ಬೆಳಿಗ್ಗೆ ಗಾಳಿ ಇರಲಿಲ್ಲ. ರಾತ್ರಿ ಬಿದ್ದ ಮೊದಲ ಮಂಜು ಆಲೂಗೆಡ್ಡೆ ಹೊಲದ ಮೇಲೆ ಉಪ್ಪು ಚೆಲ್ಲಿದ ಹಾಗೆ ಕೂತಿತ್ತು. ಕೆಳಗೆ ಸರೋವರ ಕಾಯಲಿಟ್ಟ ಹಾಲಿನಂತೆ ಹಬೆಯಾಡುತ್ತಿತ್ತು. ಮೇಲೆ ಬೆಟ್ಟದ ಹಿಮ ನಿನ್ನೆಗಿಂತ ಒಂದು ಹಿಡಿ ಕೆಳಗಿಳಿದಿತ್ತು. ಇಂಥ ಬೆಳಿಗ್ಗೆ ನರಿ ಹೊರಗೆ ಬಿದ್ದೇ ಬೀಳುತ್ತದೆ ಎಂದು ನಮ್ಮ ಕಣಿವೆಯಲ್ಲಿ ಮಕ್ಕಳಿಗೂ ಗೊತ್ತು. ಬುರುಲಳಿಗೂ ಗೊತ್ತಿತ್ತು. ಹಾಲು ಬೆರೆಸಿದ ಚಹಾ ಎರಡು ಬಟ್ಟಲು ಕುಡಿದಳು, ರೊಟ್ಟಿಯ ತುಂಡು ಜೇಬಿಗೆ ಹಾಕಿಕೊಂಡಳು, ತುಂಡು ಬಟ್ಟೆಗಳ ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ ಹೊರಟ್ರಿ ಅತ್ತೆ?" ಸೊಸೆ ಅಸಿಲ್ ಗುದ್ದಲಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. "ಇವತ್ತು ಗೆಡ್ಡೆ ತೆಗೀದಿದ್ರೆ ನೆಲದಲ್ಲೇ ಕೊಳೀತಾವೆ."

"ಕೌದಿ ಹೊಲೀಬೇಕು."

"ಮನೇಲಿ ಕೂತು ಹೊಲಿಯೋಕಾಗಲ್ವಾ?"

"ಕಂದರದ ಬಾಯಲ್ಲಿ ಬೆಳಕು ಚೆನ್ನಾಗಿರತ್ತೆ."

ಬಾಗಿಲಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದ ಮಗಳು ಬೆಗಿಮಾಯ್ ನಕ್ಕುಬಿಟ್ಟಳು. "ಬೆಳಕಿಗಲ್ಲ ಅತ್ತಿಗೆ. ಒರ್ಮೋನ್ ಚಿಕ್ಕಪ್ಪ ಹೊತ್ತು ಹುಟ್ಟೋ ಮೊದ್ಲೇ ಹದ್ದು ಹೊತ್ಕೊಂಡು ನರಿ ಬೇಟೆಗೆ ಮೇಲೆ ಹೋಗಿದಾನೆ."

ಬುರುಲ್ ಮಗಳ ಕಡೆ ನೋಡಲಿಲ್ಲ. ಕೂರಲು ಒಂದು ಕಂಬಳಿ ತುಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಬೇಟೆಯಿಂದ ಮರಳುವವನಿಗೆ ದಾರಿಯಲ್ಲಿ ಎದುರಾದವರು "ಶಿರಾಲ್ಗಾ" ಎಂದರೆ ಮುಗಿಯಿತು, ಹಿಡಿದದ್ದು ಅವರದು. ಬೇಟೆಗಾರ "ನಿಮಗೇ ಕಟ್ಟಿದ್ದು" ಎನ್ನಬೇಕು, ನಗುತ್ತ ಕೊಡಬೇಕು. ಮುಖ ಕಿವಿಚಿದವನ ಹಕ್ಕಿ ಗುರಿ ತಪ್ಪುತ್ತದೆ, ಇಲ್ಲವೆಂದು ಸುಳ್ಳಾಡಿದವನ ಕೈ ಬತ್ತುತ್ತದೆ. ಬೆಟ್ಟದಲ್ಲಿರುವುದೆಲ್ಲ ದೇವರದು, ಒಬ್ಬನ ಮನೆಯದಲ್ಲ ಎಂದು ಹಿರಿಯರು ಹಾಕಿದ ಕಟ್ಟಳೆ ಅದು. ಅದಕ್ಕೆ ಇನ್ನೊಂದು ತುದಿಯೂ ಇತ್ತು: ತೊಗಲು ಪಡೆದವರು ನರಿಯ ಮಾಂಸವನ್ನು ಹಕ್ಕಿಯ ಮನೆಗೆ ಮರಳಿ ಕಳಿಸಬೇಕು; ಅದು ಹದ್ದಿನ ಚಳಿಗಾಲದ ಅನ್ನ. ವರ್ಷಕ್ಕೆ ಒಂದು ಸಲ, ಬಹಳವೆಂದರೆ ಎರಡು ಸಲ ಯಾರೋ ಹೀಗೆ ಕೇಳುತ್ತಿದ್ದರು. ದಿನಾ ಕೇಳಬಾರದು ಎಂದು ಹಿರಿಯರು ಹೇಳಿರಲಿಲ್ಲ. ಅಂಥವರು ಹುಟ್ಟಿಯಾರು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಸಂಜೆ ಒರ್ಮೋನನ ಕುದುರೆ ಕಂದರದಿಂದ ಇಳಿದು ಬಂತು. ಬಲಗೈ ಮೇಲೆ ಕಣ್ಣುಟೊಪ್ಪಿ ಹಾಕಿದ ಹದ್ದು, ಜೀನಿನ ಹಿಂದೆ ಕೆಂಪು ನರಿ. ಬುರುಲ್ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತಳು.

"ಶಿರಾಲ್ಗಾ!"

ಒರ್ಮೋನ್ ಗಹಗಹಿಸಿ ನಕ್ಕ. "ನಿಮಗೇ ಕಟ್ಟಿದ್ದು ಅತ್ತಿಗೆ! ವರ್ಷದ ಮೊದಲನೇ ನರಿ, ಹಿರಿಯರ ಕೈ ಸೇರಿದ್ರೆ ಒಳ್ಳೇದೇ. ನನ್ನ ಮೇಲಿನ ಸಿಟ್ಟು ಇಳೀತು ಅಂದ್ಕೊಳ್ಳಲಾ?"

ಬುರುಲ್ ನರಿಯನ್ನು ಭುಜಕ್ಕೆ ಹಾಕಿಕೊಂಡಳು. ಹದ್ದಿನ ಎದೆಗರಿಯನ್ನು ಒಂದು ಬೆರಳಿನಿಂದ ಸವರಿದಳು. "ನಾಳೆ ಎಷ್ಟೊತ್ತಿಗೆ ಇಳೀತೀಯ?" ಎಂದು ಕೇಳಿದಳು.

ಅಂಗಳದಲ್ಲಿ ಅವಳೇ ನರಿ ಸುಲಿದಳು. ತೊಗಲಿಗೆ ಉಪ್ಪು ಹುಳಿಮಜ್ಜಿಗೆ ತಿಕ್ಕಿ ಕೊಟ್ಟಿಗೆಯ ಗೋಡೆಗೆ ಬಡಿದಳು. ಅಸಿಲ್ ಮಾಂಸವನ್ನು ಬೋಗುಣಿಗೆ ತುಂಬಿ, "ಚಿಕ್ಕಮಾವನ ಮನೆಗೆ ಕೊಟ್ಟು ಬರ್ಲಾ?" ಎಂದಳು.

"ನಾಯಿಗೆ ಹಾಕು."

"ಅತ್ತೆ, ಇದು ಹಕ್ಕಿ ಪಾಲು."

"ಹಕ್ಕಿಗೆ ತಿನ್ಸೋದು ಇಟ್ಕೊಂಡವನ ಕೆಲ್ಸ. ನಾಯಿಗೆ ಹಾಕು ಅಂದೆ."

ಮೊಯ್ನೋಕ್ ಎಂಬ ಆ ನಾಯಿ ಹುಟ್ಟಿದಾಗಿನಿಂದ ಎಲುಬು ಬಿಟ್ಟು ಬೇರೆ ಕಂಡಿರಲಿಲ್ಲ. ಬೋಗುಣಿ ನೋಡಿ ಮೊದಲು ಹೆದರಿತು, ಆಮೇಲೆ ಬಾಯಿ ಹಾಕಿತು.

ರಾತ್ರಿ ಊಟಕ್ಕೆ ನಾದಿದ ಹಿಟ್ಟನ್ನು ಎಳೆ ಕೊಯ್ದು ಸಾರಿನಲ್ಲಿ ಬೇಯಿಸಿದ್ದರು. ಮಗ ಕಾಲಿಕ್ ಪೇಟೆಗೆ ಓಡಿಸುವ ವ್ಯಾನನ್ನು ನಿಲ್ಲಿಸಿ ಒಳಗೆ ಬಂದ, ಕೈ ತೊಳೆದ, ಮೂಗರಳಿಸಿದ.

"ನರಿ ವಾಸ್ನೆ."

"ನಿಮ್ಮಮ್ಮ ಬೇಟೆಗೆ ಹೋಗಿದ್ರು," ಎಂದಳು ಅಸಿಲ್.

ವಿಷಯ ತಿಳಿದು ಕಾಲಿಕ್ ಚಮಚ ಕೆಳಗಿಟ್ಟ. "ಅಮ್ಮ, ಯಾಕೆ ಇದೆಲ್ಲ? ಒಂದು ಹಕ್ಕಿಗೋಸ್ಕರ?"

"ಹಕ್ಕಿಗೋಸ್ಕರ ಅಲ್ಲ, ಮಾತಿಗೋಸ್ಕರ. ಅದು ಮರಿಯಾಗಿದ್ದಾಗ ನಿಮ್ಮಪ್ಪ ಬಲೇಲಿ ಹಿಡಿದು ತಂದು ಏನಂದ? ಹತ್ತು ಚಳಿಗಾಲ ನನ್ ಜೊತೆ ಇರು, ಹನ್ನೊಂದನೇದಕ್ಕೆ ನಿನ್ನ ಬೆಟ್ಟ ನಿನಗೆ, ಅಂತ. ದೇವರ ಹೆಸರು ತಗೊಂಡು ಅಂದ. ಹತ್ತು ಮುಗೀತು. ಅವನು ವಸಂತದಲ್ಲೇ ಹೋದ. ನಲವತ್ತನೇ ದಿನದ ಊಟ ಮುಗಿಸಿ, ಕೈ ಒರೆಸ್ಕೊಂಡು, ನಿನ್ನ ಚಿಕ್ಕಪ್ಪ ಕಂಬದಿಂದ ಹಕ್ಕಿ ಬಿಚ್ಕೊಂಡು ಹೋದ."

"ಗರಿ ಉದುರೋ ಕಾಲ, ನೋಡ್ಕೊಳ್ಳೋರು ಬೇಕಲ್ಲ ಅಂತ ನಾನೇ ಹೂಂ ಅಂದೆ."

"ಹೂಂ ಅಂದೆ. ನಿನಗೆ ವ್ಯಾನಿಗೆ ಡೀಸೆಲ್ ಹಾಕೋದು ಗೊತ್ತು, ಹದ್ದಿಗೆ ಮಾಂಸ ಹಾಕೋದು ಗೊತ್ತಿಲ್ಲ."

"ಶುರುವಾಯ್ತು," ಎಂದ ಕಾಲಿಕ್.

"ಶರತ್ಕಾಲ ಬಂತು, ಬಿಟ್ಬಿಡು ಅಂತ ನಾನೇ ಹೋಗಿ ಕೇಳಿದೆ. ಊರವರೆಲ್ಲ ಇದ್ರು. ಏನಂದ ಗೊತ್ತಾ? 'ಸತ್ತವನು ಆಡಿದ ಮಾತು ಹಕ್ಕಿಗೇನು ಗೊತ್ತು ಅತ್ತಿಗೆ?' ಅಂದ. ನಕ್ಕ. ಎಲ್ರೂ ನಕ್ರು."

ಬುರುಲ್ ಬಟ್ಟಲಿನ ಸಾರು ಪೂರ್ತಿ ಕುಡಿದಳು. "ಇನ್ಮೇಲೆ ಅವನಿಗೆ ಈ ಹಕ್ಕಿಯಿಂದ ಒಂದು ಬಾಲದ ಕೂದಲೂ ದಕ್ಕಬಾರ್ದು," ಎಂದು ಮುಖದ ಮೇಲೆ ಎರಡೂ ಅಂಗೈ ಎಳೆದುಕೊಂಡು ಊಟದ ಪ್ರಾರ್ಥನೆ ಮುಗಿಸಿದಳು. ಪ್ರಾರ್ಥನೆಗೆ ಅಂಥ ಬಾಲ ಕಟ್ಟಬಾರದು. ಆದರೆ ಅಂದು ಅವಳಿಗೆ ಹೇಳುವವರು ಯಾರು?

ಎರಡನೆಯ ನರಿಗೂ ಒರ್ಮೋನ್ ನಕ್ಕ. ಮೂರನೆಯದಕ್ಕೆ ನಗಲು ಪ್ರಯತ್ನಪಟ್ಟ. ನಾಲ್ಕನೆಯದಕ್ಕೆ ಹಳೆಯ ಕಣದ ಮೇಲಿನ ಬಳಸುದಾರಿ ಹಿಡಿದ. ಹದ್ದು ಹೋದಲ್ಲೆಲ್ಲ ಮ್ಯಾಗ್‌ಪೈ ಹಕ್ಕಿಗಳು ಕೂಗುತ್ತ ಹಾರುವುದನ್ನು ನೋಡಿಕೊಂಡೇ ಬುರುಲ್ ಅಲ್ಲಿಗೆ ಬಂದು ಕೂತಿದ್ದಳು. ಮುಂದಿನ ಸಲ ನರಿಯನ್ನು ಮುಳ್ಳಿನ ಹೊರೆಯೊಳಗೆ ಹುದುಗಿಸಿ ತಂದ.

"ಶಿರಾಲ್ಗಾ."

"ಸೌದೆ ಅತ್ತಿಗೆ, ಸೌದೆಗೆ ಹೋಗಿದ್ದೆ."

"ಸೌದೆಗೆ ಬಾಲ ಇದೆಯಲ್ಲೋ."

ಅವನು ಹೊರೆ ಬಿಚ್ಚಿದ. ಮುಳ್ಳು ಕೈಗೆ ಚುಚ್ಚಿ ರಕ್ತ ಬಂತು. "ನಿಮಗೇ ಕಟ್ಟಿದ್ದು," ಎಂದು ಹಲ್ಲು ಕಚ್ಚಿ ಹೇಳಿದ. "ಕೂತ್ಕೊಳ್ಳಿ. ಎಷ್ಟು ದಿನ ಕೂರ್ತೀರೋ ನೋಡ್ತೀನಿ. ನಾನೂ ದಿನಾ ಹಾರಿಸ್ತೀನಿ. ಯಾರು ಮೊದ್ಲು ಸುಸ್ತಾಗ್ತಾರೆ ನೋಡೇಬಿಡೋಣ."

"ನೋಡೋಣ ಮೈದುನ. ನಂಗೆ ಹೊಲಿಯೋದು ಬೇಕಾದಷ್ಟಿದೆ."

ಹೊಲಿಯುವುದು ನಿಜಕ್ಕೂ ಇತ್ತು. ನೆಲದ ಮೇಲೆ ಹಿಮ ನಿಂತ ಮೇಲೆ ಬೆಗಿಮಾಯಳ ಮದುವೆ. ಹೆಣ್ಣು ಗಂಡನ ಮನೆಗೆ ಹೋಗುವಾಗ ಹಾಸಿಗೆ ಕೌದಿಗಳ ಅಟ್ಟಿ ಗೋಡೆಯೆತ್ತರ ಇರಬೇಕು. ಕಡಿಮೆಯಾದರೆ ಆ ಮನೆಯ ಸೊಸೆಯಂದಿರು ವರ್ಷಗಟ್ಟಲೆ ಚುಚ್ಚುತ್ತಾರೆ. ಅಟ್ಟಿಯ ಮೇಲಿನ ಕೌದಿಗೆ ಬುರುಲ್ ಗಂಡನ ಬಟ್ಟೆಗಳನ್ನೇ ಕತ್ತರಿಸಿದ್ದಳು. ಅವನ ಹಸಿರು ಮೇಲಂಗಿ, ಮದುವೆಯ ದಿನದ ಕೆಂಪು ನಡುಪಟ್ಟಿ, ಬೇಟೆಯ ಕೋಟಿನ ಕಪ್ಪು ಮಖಮಲ್ ಎಲ್ಲ ತ್ರಿಕೋನ ತ್ರಿಕೋನವಾಗಿ, ತುದಿಗೆ ತುದಿ ಕೂಡಿ ಬೆಳೆಯುತ್ತಿದ್ದವು. ಒಂದು ಹೊಲಿಗೆಗೊಮ್ಮೆ ದಾರಿ ನೋಡುತ್ತಿದ್ದಳು.

ಗುರುವಾರ ಬಂದರೆ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಹಿಟ್ಟಿನ ಬಿಲ್ಲೆಗಳನ್ನು ಕರಿಯುತ್ತಿದ್ದಳು. ಆ ವಾಸನೆ ಸತ್ತವರಿಗೆ ಮುಟ್ಟುತ್ತದೆ ಎಂದು ನಮ್ಮ ನಂಬಿಕೆ. ಮೊದಲೆಲ್ಲ ವಾಸನೆ ಹಿಡಿದು ಒರ್ಮೋನನೂ ಬರುತ್ತಿದ್ದ, ಅಣ್ಣನ ಹೆಸರಿನಲ್ಲಿ ಕುರಾನಿನ ಸಾಲು ಓದಿ, ಬಿಸಿಬಿಸಿ ಎರಡು ತಿಂದು ಹೋಗುತ್ತಿದ್ದ. ಈಗ ಬರುವುದಿಲ್ಲ. ಬುರುಲ್ ಬಾಣಲೆಯ ಮುಂದೆ ಕೂತು, "ಇವತ್ತು ಇನ್ನೊಂದು ಕಿತ್ಕೊಂಡೆ," ಎಂದು ಗಂಡನಿಗೆ ಮೆಲ್ಲಗೆ ವರದಿ ಒಪ್ಪಿಸುತ್ತಿದ್ದಳು.

ಕಾಲಿಕ್‌ನ ವ್ಯಾನಿನಲ್ಲಿ ಬೇರೆ ಮಾತೇ ಇಲ್ಲದಂತಾಯಿತು. "ಏನಪ್ಪಾ, ನಿಮ್ಮಮ್ಮ ದಾರಿ ಸುಂಕ ವಸೂಲಿಗೆ ಕೂತಿದಾರಂತೆ, ವ್ಯಾನಿಗೆ ಎಷ್ಟು?" ಎಂದು ಒಬ್ಬ. "ನಾನು ಕುರಿ ಹೊಡ್ಕೊಂಡು ಬರ್ತೀನಿ, ಆ ದಾರೀಲಿ ಬರ್ಬಹುದಾ?" ಎಂದು ಇನ್ನೊಬ್ಬ. ಕಾಲಿಕ್ ಮನೆಗೆ ಬಂದು ಬಾಗಿಲು ದಢಾರನೆ ಹಾಕಿದ.

"ಅಮ್ಮ, ನಾಳೆ ನೀವು ಹೋಗಕೂಡದು."

"ಹೋಗ್ತೀನಿ."

"ನನ್ ಮರ್ಯಾದೆ ಹೋಗ್ತಿದೆ."

"ನಿಮ್ಮಪ್ಪನ ಮಾತು ಹೋಯ್ತು, ಆಗ ನಿನ್ ಮರ್ಯಾದೆ ಎಲ್ಲಿತ್ತು?"

"ಮರ್ಯಾದೆ ಆಮೇಲೆ," ಎಂದು ಅಸಿಲ್ ನಡುವೆ ಬಂದಳು. "ಗೆಡ್ಡೆ ನಾನೊಬ್ಳೇ ತೆಗ್ದೆ, ಹಸು ಕರೆದಿದ್ದೂ ನಾನೇ, ಸೇಬು ಹೆಚ್ಚಿ ಒಣಗಿಸಿದ್ದೂ ನಾನೇ. ನರಿ ತೊಗಲು ಬೇಯಿಸಿ ತಿನ್ನೋಕಾಗತ್ತಾ?"

"ನಿನ್ ಬಾಯಿ ಇದ್ರೆ ಸಾಕು, ಬೆಂಕೀನೂ ಬೇಡ," ಎಂದಳು ಬುರುಲ್. ಬೆಗಿಮಾಯ್‌ಗೆ ನಗು ಬಂತು, ಅಸಿಲ್‌ಗೆ ಬರಲಿಲ್ಲ.

ಅತ್ತ ಒರ್ಮೋನನ ಹೆಂಡತಿ ಜೂರಾ ಸುಮ್ಮನಿರುವವಳಲ್ಲ. ಕೌದಿಯೊಳಗೆ ತುಂಬುವ ಉಣ್ಣೆಯನ್ನು ಹಸಿದೊಗಲಿನ ಮೇಲೆ ಹರವಿ, ವಿಲ್ಲೋ ಮರದ ಕೋಲುಗಳಿಂದ ಬಡಿದು ಹತ್ತಿಯ ಹಾಗೆ ಹಗುರ ಮಾಡಬೇಕು. ಒಂದು ಮನೆಯ ಹೆಂಗಸರಿಂದ ಆಗುವ ಕೆಲಸವಲ್ಲ. ಓಣಿಯವರೆಲ್ಲ ಕೋಲು ಹಿಡಿದು ಬರುತ್ತಾರೆ, ಹಾಡುತ್ತಾರೆ, ಬೈದಾಡುತ್ತಾರೆ, ಸಂಜೆಗೆ ಮಾಂಸ ತಿಂದು ಹೋಗುತ್ತಾರೆ. ಬುರುಲಳ ಅಂಗಳದಲ್ಲಿ ಉಣ್ಣೆ ಹರವಿದ ದಿನ ಯಾರೂ ಬರಲಿಲ್ಲ. ಹಿಂದಿನ ದಿನ ಜೂರಾ ಮನೆಮನೆಗೆ ಹೋಗಿ, "ಹೋಗೋರು ಹೋಗಿ, ನಾನು ಬೇಡ ಅನ್ನಲ್ಲ. ಆದ್ರೆ ಅಲ್ಲಿ ಕೋಲು ಎತ್ತಿದೋರು ನಮ್ಮನೆ ಹೊಸ್ತಿಲು ತುಳೀಬೇಡಿ. ದಾರೀಲಿ ಕಿತ್ಕೊಳ್ಳೋದು ಗೊತ್ತಲ್ಲ, ಉಣ್ಣೇನೂ ದಾರೀಲೇ ಬಡ್ಕೊಳ್ಳಲಿ," ಎಂದಿದ್ದಳು.

ಅಸಿಲ್, ಬೆಗಿಮಾಯ್ ಇಬ್ಬರೇ ಬಡಿದರು. ಮಧ್ಯಾಹ್ನಕ್ಕೆ ಬೆಗಿಮಾಯಳ ಅಂಗೈ ಬೊಬ್ಬೆಯೆದ್ದು ಒಡೆಯಿತು. ಉಣ್ಣೆ ಗಂಟುಗಂಟಾಗಿಯೇ ಉಳಿಯಿತು. ಸಂಜೆ ಬುರುಲ್ ಹೊಸ ನರಿಯೊಂದಿಗೆ ಬಂದಾಗ ಮಗಳು ಕೋಲನ್ನು ಅವಳ ಕಾಲಬುಡಕ್ಕೆ ಎಸೆದಳು.

"ಇದು ನನ್ ಮದ್ವೆನೋ, ನಿಮ್ ಯುದ್ಧಾನೋ?"

"ಎರಡೂ ಆಗತ್ತೆ."

"ಆಗಲ್ಲ. ನಾಳೆ ನಾನೇ ಜೂರಾ ಚಿಕ್ಕಮ್ಮನ ಕಾಲು ಹಿಡೀತೀನಿ."

"ಹಿಡಿ. ಬಗ್ಗೋಕೆ ಅವಳ ಕಾಲೇ ಸಿಗತ್ತೆ ನಿಂಗೆ, ತಾಯಿ ಕಾಲಲ್ಲ," ಎಂದಳು ಬುರುಲ್. ಆದರೆ ಮಗಳ ಅಂಗೈಗೆ ಕುರಿಕೊಬ್ಬು ಸವರಿದವಳೂ ಅವಳೇ.

ಮರುದಿನ ಬೆಗಿಮಾಯ್ ಹೋದಳು. ಜೂರಾ ಕದ ತೆಗೆದು, ನೋಡಿ, ಒಳಗೆ ಹೋದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹುಡುಗಿ ಅಂಗಳದಲ್ಲೇ ನಿಂತಳು. ಬೇಟೆಯಿಲ್ಲದ ದಿನ, ಹದ್ದು ಕಂಬದ ಮೇಲೆ ಕೂತಿತ್ತು. ಚಿಕ್ಕಂದಿನಿಂದ ಅದಕ್ಕೆ ಮಾಂಸ ತಿನ್ನಿಸಿದ ಕೈ ಅವಳದು. ಹತ್ತಿರ ಹೋಗಿ ಎದೆ ಮುಟ್ಟಿದಳು. ಗರಿಯ ಕೆಳಗೆ ಎದೆಯೆಲುಬು ಚೂರಿಯ ಬೆನ್ನಿನ ಹಾಗೆ ಬೆರಳಿಗೆ ಸಿಕ್ಕಿತು. ಎರಡು ರೆಕ್ಕೆಗರಿ ಮುರಿದಿದ್ದವು. ಬೇಟೆಗೆ ಹದ್ದು ತುಸು ಹಸಿದಿರಬೇಕು ನಿಜ. ಇದು ಹಸಿವಲ್ಲ, ಬರಗಾಲ.

ಅವಳು ಓಡುತ್ತ ಮನೆಗೆ ಬಂದಳು. ಬುರುಲ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಬೆಗಿಮಾಯ್ ಬಿಸಿಲಿಗೆ ಮಲಗಿದ್ದ ಮೊಯ್ನೋಕ್‌ನ ಕತ್ತುಪಟ್ಟಿ ಹಿಡಿದು ಎಳೆದಳು. ಅದು ಏಳಲಾರದೆ ಎದ್ದು, ಹೊಟ್ಟೆ ಅಲ್ಲಾಡಿಸುತ್ತ ಬಂತು.

"ಪಕ್ಕೆ ಮುಟ್ಟಿ ನೋಡಿ."

"ಹುಚ್ಚು ಹಿಡೀತಾ?"

"ಮುಟ್ಟಿ ಅಮ್ಮ. ಒಂದು ಎಲುಬು ಸಿಕ್ರೆ ತೋರ್ಸಿ."

ಬುರುಲ್ ನಾಯಿಯ ಪಕ್ಕೆಗೆ ಕೈ ಹಾಕಿದಳು. ಬೆರಳು ಕೊಬ್ಬಿನಲ್ಲಿ ಹೂತವು. ಎಲುಬು ಸಿಗಲಿಲ್ಲ.

"ಇದು ಯಾರ ಮಾಂಸ?" ಎಂದಳು ಬೆಗಿಮಾಯ್. "ಅಪ್ಪನ ಹಕ್ಕಿ ಎದೇನ ನಾನೀಗ ಮುಟ್ಟಿ ಬಂದೆ. ಅದರ ಮೈ ಮೇಲೆ ಇರಬೇಕಾದ್ದೆಲ್ಲ ಇಲ್ಲಿ ಇದೆ. ಇನ್ನು ನೀವು ಹಾರಿಬಿಟ್ರೂ ಅದು ಮೊದಲನೇ ಹಿಮ ದಾಟಲ್ಲ."

ಹದ್ದಿನ ಮಾಂಸವನ್ನು ಮರದ ಬಟ್ಟಲಲ್ಲಿ ನೆನೆಹಾಕಿ, ತೂಗಿ, ಹೊತ್ತಿಗೆ ಸರಿಯಾಗಿ ಕೊಟ್ಟು ಹತ್ತು ಚಳಿಗಾಲ ಕಳೆದವಳು ಬುರುಲ್. ಅವಳಿಗೆ ಯಾರೂ ಇದನ್ನು ಹೇಳಬೇಕಿರಲಿಲ್ಲ. ಅಸಿಲ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ಅದು ಆ ಸೊಸೆಯ ದೊಡ್ಡತನ.

ಆದರೂ ಬುರುಲ್ ಕಂದರದ ಬಾಯಿಗೆ ಹೋದಳು. ಅಂದು ಸೂಜಿ ಹೊರಗೆ ತೆಗೆಯಲಿಲ್ಲ. ಮರುದಿನವೂ ಹೋದಳು. ಆ ಸಂಜೆ ಒರ್ಮೋನ್ ಇಳಿದು ಬಂದ. ಜೀನಿನ ಹಿಂದೆ ನರಿಯಿತ್ತು. ಈ ಸಲ ಅಡಗಿಸಿರಲಿಲ್ಲ. ಹತ್ತಿರ ಬಂದು ಕುದುರೆ ನಿಲ್ಲಿಸಿದ. ಅವಳು ಸುಮ್ಮನೆ ಕೂತಿದ್ದಳು.

"ಹೇಳಿ ಅತ್ತಿಗೆ."

ಅವಳು ಹದ್ದನ್ನೇ ನೋಡುತ್ತಿದ್ದಳು. ಅವನ ಕೈ ಮೇಲೆ ಅದು ಒಂದು ಮಗ್ಗುಲಿಗೆ ವಾಲಿ ಕೂತಿತ್ತು.

"ಹೇಳ್ರಿ, ನಾನೇನು ಹೊಸಬನಾ? ಈಗ ಇದ್ಯಾವ ಹೊಸ ಆಟ?"

"ಏನ್ ಮಾಡಿದೀಯೋ ಹಕ್ಕೀನ?"

"ನಾನಾ?" ಅವನ ಧ್ವನಿ ಕಂದರದಲ್ಲಿ ಮಾರ್ದನಿಸಿತು. "ನೀವು ಒಂದು ತೊಡೆ ಮಾಂಸ ವಾಪಸ್ ಕಳ್ಸಿದ್ರಾ? ಕಟುಕನ ಹತ್ರ ಶ್ವಾಸಕೋಶ ತಂದು ಹಾಕ್ತಿದೀನಿ."

"ಕೊಟ್ಟಿಗೇಲಿ ಕುರಿ ಇರ್ಲಿಲ್ವಾ ನಿಂಗೆ?"

"ನಿಮಗೆ ನಾಚಿಕೆ ಇರ್ಲಿಲ್ವಾ?"

"ದಿನಾ ಹಾರಿಸು ಅಂತ ನಾನಂದ್ನಾ?"

"ದಿನಾ ಕೂತಿದ್ದೋರು ಯಾರು?"

ಹದ್ದು ಟೊಪ್ಪಿಯೊಳಗಿನ ತಲೆಯನ್ನು ಒಮ್ಮೆ ಇವಳ ಕಡೆ, ಒಮ್ಮೆ ಅವನ ಕಡೆ ತಿರುಗಿಸಿತು. ಒರ್ಮೋನ್ ಇನ್ನೂ ಸ್ವಲ್ಪ ಹೊತ್ತು ಕಾದ. ಆ ಮಾತು ಬರಲಿಲ್ಲ. ಲಗಾಮು ಎಳೆದು, ನರಿಯೊಂದಿಗೆ, ಮೊದಲ ಸಲ, ಮನೆಗೆ ಹೋದ. ಗೆದ್ದವನ ಹಾಗೆ ಹೋಗಲಿಲ್ಲ.

ಬೆಳಿಗ್ಗೆ ಬುರುಲ್ ಕಾಲಿಕ್‌ನನ್ನು ಎಬ್ಬಿಸಿ, ಚಳಿಗಾಲಕ್ಕೆಂದು ಕೊಬ್ಬಿಸಿದ್ದ ಟಗರನ್ನು ಕೊಯ್ಯಿಸಿದಳು. "ಇಡೀ ಚಳಿಗಾಲ ನಾವೇನ್ ತಿನ್ನೋದು?" ಎಂದ ಕಾಲಿಕ್. "ಗೆಡ್ಡೆ," ಎಂದಳು ಅಸಿಲ್, "ನಾನೊಬ್ಳೇ ತೆಗ್ದಿದ್ದು." ಈ ಸಲ ನಕ್ಕಳು.

ಬಿಸಿಯಾರದ ಗುಂಡಿಗೆ, ಪಿತ್ತಕೋಶ ತೆಗೆದ ಯಕೃತ್ತು, ಕೆಂಪು ಮಾಂಸವನ್ನು ಬಟ್ಟಲಲ್ಲಿ ಮುಚ್ಚಿಕೊಂಡು ಬುರುಲ್ ಒರ್ಮೋನನ ಅಂಗಳಕ್ಕೆ ಹೋದಳು. ಜೂರಾ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ತೊಗಲುಗಳೆಲ್ಲಿ?"

"ತೊಗಲು ನನ್ದು, ಕಟ್ಟಳೆ ಪ್ರಕಾರ ಕೇಳಿ ತಗೊಂಡಿದ್ದು. ಒಂದೂ ಕೊಡಲ್ಲ. ಮಾಂಸ ಹಕ್ಕೀದು, ಅದನ್ನ ಕೊಡೋಕೆ ಬಂದಿದೀನಿ. ದಾರಿ ಬಿಡು."

ಜೂರಾ ದಾರಿ ಬಿಟ್ಟಳು. ಬುರುಲ್ ಕಂಬದ ಪಕ್ಕ ಕೂತು ಬಿಸ್ಮಿಲ್ಲಾ ಎಂದು ಚೂರು ಚೂರಾಗಿ ತಿನ್ನಿಸಿದಳು. ದಿನಾ ಬಂದಳು. ಒರ್ಮೋನ್ ಬೇಟೆಗೆ ಹೋಗುವುದನ್ನು ನಿಲ್ಲಿಸಿದ. ಅವಳು ಬರುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದ. ಜೂರಾ ಒಂದು ಬಟ್ಟಲು ಚಹಾ ತಂದು ಪಕ್ಕದ ಕಲ್ಲಿನ ಮೇಲಿಡುತ್ತಿದ್ದಳು. ಚಹಾ ಅಲ್ಲೇ ಆರಿ ಕೆನೆಗಟ್ಟುತ್ತಿತ್ತು. ಟಗರಿನ ಮಾಂಸ ಮುಗಿಯುತ್ತ ಬಂದ ಒಂದು ದಿನ ಬುರುಲ್ ಅದರಲ್ಲಿ ಅರ್ಧ ಕುಡಿದಳು.

ಮರುದಿನ ಜೂರಾ ಕೋಲು ಹಿಡಿದು ಬುರುಲಳ ಅಂಗಳಕ್ಕೆ ಬಂದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು.

"ಮಾತು ಬೇಡ," ಎಂದಳು ಜೂರಾ ಗಂಟುಗಟ್ಟಿದ ಉಣ್ಣೆಯ ಮುಂದೆ ಮಂಡಿಯೂರಿ. "ಹುಡುಗೀಗೋಸ್ಕರ ಬಂದಿದೀನಿ. ಇದನ್ನ ಬಡಿದಿದ್ದು ಯಾರು, ನಾಯಿನಾ?"

"ನಾಯಿಗೆ ಏಳೋಕೇ ಆಗಲ್ಲ," ಎಂದಳು ಅಸಿಲ್. ಹೆಂಗಸರು ನಕ್ಕರು. ಬುರುಲ್ ನಗಲಿಲ್ಲ, ಆದರೆ ಎಲ್ಲರಿಗೂ ಊಟ ಬಡಿಸಿದಳು. ಗೆಡ್ಡೆ ಜಾಸ್ತಿ, ಮಾಂಸ ಕಡಿಮೆ. ಯಾರೂ ಬಟ್ಟಲಲ್ಲಿ ಏನೂ ಬಿಡಲಿಲ್ಲ.

ಮದುವೆಗೆ ಮುಂಚಿನ ವಾರ ನೆಲದ ಮೇಲೆ ತೆಳ್ಳಗೆ ಹಿಮ ನಿಂತಿತು. ಅಟ್ಟಿ ಮುಗಿದಿತ್ತು, ತುದಿಯ ಕೌದಿಯೊಂದಕ್ಕೆ ಅಂಚು ಬಾಕಿ. ಬುರುಲ್ ಬೆಳಿಗ್ಗೆ ಎದ್ದು, ಕಾಲಿಗೆ ಅಭ್ಯಾಸವಾಗಿದ್ದರಿಂದಲೋ ಏನೋ, ಕೌದಿ ಸುತ್ತಿಕೊಂಡು ಕಂದರದ ಬಾಯಿಗೆ ಹೋಗಿ ತನ್ನ ಕಲ್ಲಿನ ಮೇಲೆ ಕೂತಳು. ಗಂಡನ ಬಿಳಿ ಅಂಗಿಯ ಒಂದು ಪಟ್ಟಿ ಮಾತ್ರ ಅವಳ ಬಳಿ ಉಳಿದಿತ್ತು. ಕೌದಿಗೆ ಹಾಕಿರಲಿಲ್ಲ. ಬಿಡುವ ದಿನ ಹದ್ದಿನ ಕಾಲಿಗೆ ಬಿಳಿ ಬಟ್ಟೆ ಕಟ್ಟಬೇಕು, ಇದು ಮನೆಯ ಋಣ ತೀರಿಸಿದ ಹಕ್ಕಿ, ಇನ್ನು ಯಾರೂ ಹಿಡಿಯಬಾರದು ಎಂದು.

ಊರಿನ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿತು. ಒರ್ಮೋನ್ ಕುದುರೆಯಿಲ್ಲದೆ ನಡೆದು ಬಂದ. ಹದ್ದು ಅವನ ಕೈ ಮೇಲೆ ನೆಟ್ಟಗೆ ಕೂತಿತ್ತು. ಅವನು ಕಣ್ಣುಟೊಪ್ಪಿ ತೆಗೆದ. ಅದು ಬೆಟ್ಟ ನೋಡಿತು.

"ಎದೆ ತುಂಬಿದೆ," ಎಂದ. "ನಿನ್ನೆ ಮುಟ್ಟಿ ನೋಡಿದೆ."

"ನಾನೂ ನೋಡಿದೆ."

"ಅವತ್ತು ಊರವರ ಮುಂದೆ ನಾನಂದಿದ್ದು..."

"ಅದನ್ನ ನಾನು ಮರೆಯಲ್ಲ ಒರ್ಮೋನ್. ಸಾಯೋವರೆಗೂ ಮರೆಯಲ್ಲ."

"ಮರೀರಿ ಅಂತ ಕೇಳೋಕೆ ಬಂದಿಲ್ಲ."

ಅವನು ಅಣ್ಣನ ಹಳೆಯ ಕೈಗವಸನ್ನು ಸೊಂಟದಿಂದ ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಅದನ್ನು ಹಾಕಿಕೊಂಡು ಎದ್ದಳು. ಕೌದಿ ಹಿಮದ ಮೇಲೆ ಜಾರಿತು. ಅವಳು ಏನನ್ನೂ ಕೇಳಿರಲಿಲ್ಲ.

"ನಿಮಗೇ ಕಟ್ಟಿದ್ದು, ಅತ್ತಿಗೆ," ಎಂದು ಒರ್ಮೋನ್ ಮೆಲ್ಲಗೆ ಹೇಳಿ, ಹಕ್ಕಿಯನ್ನು ಅವಳ ಕೈಗೆ ದಾಟಿಸಿದ.